ಸ್ವಇಚ್ಛೆಯಿಂದ ಹೊರಟವರು

"ದಯವಿಟ್ಟು ವಾಪಸ್ ತಗೊಳ್ಳಿ ಮೇಡಂ," ಎಂದು ಪ್ರಿನ್ಸಿಪಾಲರು ಕಾಗದವನ್ನು ಮತ್ತೊಮ್ಮೆ ಮೇಜಿನ ಆಚೆ ಬದಿಗೆ ಸರಿಸಿದರು.

ಲೈಬ್ರೇರಿಯನ್ ಅದನ್ನು ಮುಟ್ಟಲಿಲ್ಲ. ಕೂರಿ ಎಂದರೂ ಕೂರದೆ, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪುಸ್ತಕದ ಕಪಾಟಿನ ಮುಂದೆ ನಿಂತಂತೆಯೇ ನೆಟ್ಟಗೆ ನಿಂತಿದ್ದರು.

"ಹೋದ ತಿಂಗಳು ಕೊಟ್ಟ ಕಾಗದ ಸಾರ್ ಅದು. ಇವತ್ತಿಗೆ ನೋಟಿಸ್ ಮುಗೀತು. ವಾಪಸ್ ತಗೊಳ್ಳೋ ಮನಸ್ಸಿದ್ದಿದ್ರೆ ಇಷ್ಟು ದಿನ ಕಾಯ್ತಿದ್ನಾ?"

"ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ."

"ಮನೇಲಿ ಏನಾದ್ರೂ ತೊಂದ್ರೆ?"

"ನಮ್ಮನೇಲಿ ಎಲ್ಲರೂ ಗುಂಡುಕಲ್ಲಿನ ಹಾಗಿದ್ದಾರೆ."

"ಮತ್ಯಾಕೆ ಅಂತ ಹೇಳ್ಬೇಕಲ್ವಾ?"

"ಸ್ವಇಚ್ಛೆಯಿಂದ ಅಂತ ಬರೆದಿದ್ದೀನಲ್ಲ. ಅದಕ್ಕಿಂತ ಹೆಚ್ಚು ಕೇಳೋ ಹಾಗಿಲ್ಲ, ರೂಲ್ಸ್ ಹಾಗಿದೆ."

ಕಿಟಕಿಯ ಪಕ್ಕ ಕೂತಿದ್ದ ಇನ್ಸ್‌ಪೆಕ್ಟರಮ್ಮ ಟೀ ಲೋಟ ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದರು. ಪೊಲೀಸ್ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಊರು ಅವರನ್ನು ಹಾಗೆಯೇ ಕರೆಯುತ್ತಿತ್ತು. ಕಾಲೇಜಿನ ಹೆಮ್ಮೆಯಾಗಿದ್ದ ಟೆಲಿಸ್ಕೋಪಿನ ಕನ್ನಡಿ ಮಾಯವಾಗಿ, ಅದನ್ನು ಕೈಯಾರೆ ಉಜ್ಜಿ ಮಾಡಿ ಕನ್ನಡಿ ಮೇಷ್ಟ್ರು ಎಂದೇ ಹೆಸರಾಗಿದ್ದ ಫಿಸಿಕ್ಸ್ ಮೇಷ್ಟ್ರೇ ಕದ್ದರೆಂಬ ಹೆಸರು ಹೊತ್ತು ಕೆಲಸ ಬಿಟ್ಟ ಮೇಲೆ, ಕೆಮಿಸ್ಟ್ರಿ ಮೇಷ್ಟ್ರು ಹೋಗಿದ್ದರು, ಬಾಟನಿ ಮೇಡಂ ಹೋಗಿದ್ದರು, ಈಗ ಇವರು. ಇವರನ್ನೆಲ್ಲ ಎತ್ತಿಕಟ್ಟುತ್ತಿರುವುದು ಯಾರೆಂದು ಪತ್ತೆ ಮಾಡಿಕೊಡಿ ಎಂದು ಪ್ರಿನ್ಸಿಪಾಲರೇ ಇನ್ಸ್‌ಪೆಕ್ಟರಮ್ಮನನ್ನು ಕರೆಸಿದ್ದರು.

"ಸರಿ," ಎಂದು ಪ್ರಿನ್ಸಿಪಾಲರು ಕೈಚೆಲ್ಲಿದರು. "ನಿಮ್ಮಿಷ್ಟ. ಮಧ್ಯಾಹ್ನ ಒಂದು ಸಣ್ಣ ಬೀಳ್ಕೊಡುಗೆ ಇಟ್ಕೊಳ್ಳೋಣ."

"ಅದು ಬೇಡ ಸಾರ್. ಚಾರ್ಜ್ ಒಪ್ಪಿಸ್ತೀನಿ. ಈಗಲೇ. ನನ್ನ ಕೈಕೆಳಗಿನ ಎಲ್ಲಾ ಕೋಣೆ, ಎಲ್ಲಾ ಬೀರು ತೆಗೆಸಿ ನೋಡ್ಕೊಂಡು ಸಹಿ ಹಾಕಿ. ನೀವೂ ಇರ್ಬೇಕು, ಮ್ಯಾನೇಜರೂ ಇರ್ಬೇಕು."

"ಅಯ್ಯೋ, ನಿಮ್ಮನ್ನ ನಂಬದೇ ಇನ್ಯಾರನ್ನ ನಂಬ್ಲಿ? ಅದೆಲ್ಲ ಏನೂ ಬೇಡ."

"ಬೇಕು."

ಇನ್ಸ್‌ಪೆಕ್ಟರಮ್ಮ ಲೋಟ ಕೆಳಗಿಟ್ಟರು. ಕೆಲಸ ಬಿಟ್ಟು ಹೋಗುವವರನ್ನು ಅವರು ಸಾಕಷ್ಟು ನೋಡಿದ್ದರು. ಚಾರ್ಜ್ ಒಪ್ಪಿಸುವ ಗೋಳು ಯಾರಿಗೂ ಬೇಡ. ಬೇಗ ಸಹಿ ಹಾಕಿಸಿಕೊಂಡು ಕಂಬಿ ಕೀಳುವುದನ್ನೇ ಕಾಯುತ್ತಾರೆ. ಬೀರುಗಳನ್ನು ತೆಗೆದು ತೋರಿಸಿ ಎಂದು ಪೀಡಿಸುವವರು ಸಾಮಾನ್ಯವಾಗಿ ಮೇಲಿನವರು.

ಇಲ್ಲಿ ಎಲ್ಲವೂ ತಿರುಗುಮುರುಗಾಗಿತ್ತು. ಹೋಗುವವರು ತೆಗೆಯಿರಿ ಎನ್ನುತ್ತಿದ್ದರು. ನೋಡಬೇಕಾದವರು ಬೇಡ ಎನ್ನುತ್ತಿದ್ದರು.

"ನಾನೂ ಬರ್ತೀನಿ," ಎಂದು ಇನ್ಸ್‌ಪೆಕ್ಟರಮ್ಮ ಎದ್ದರು.

*

ಲೈಬ್ರರಿಯ ಓದುವ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರೀಕ್ಷೆಗೆ ಮುಂಚಿನ ಓದುವ ರಜೆ. ಪಾಠಗಳೆಲ್ಲ ಮುಗಿದು, ಹುಡುಗ ಹುಡುಗಿಯರು ಮೇಜಿಗೆ ಮೇಜು ತುಂಬಿಕೊಂಡು, ಕಿಟಕಿಯ ಕಟ್ಟೆಯ ಮೇಲೂ ಕೂತು ಓದುತ್ತಿದ್ದರು. ಲೈಬ್ರೇರಿಯನ್ ನಡೆದು ಹೋದಾಗ ಪಿಸುಮಾತುಗಳು ತಾವಾಗಿಯೇ ನಿಂತವು. ಅದು ಹೆದರಿಕೆಯ ಮೌನವಾಗಿರಲಿಲ್ಲ. ತಮ್ಮ ಮನೆಯ ಹಿರಿಯರು ಊರಿಗೆ ಹೊರಟಾಗ ಬರುವಂಥ ಮೌನ.

ಇನ್ಸ್‌ಪೆಕ್ಟರಮ್ಮನ ಮೈದುನ ಬಾಗಿಲಲ್ಲೇ ಕಾಯುತ್ತಿದ್ದ. ಪೇಟೆಯಲ್ಲಿ ಅವನದೊಂದು ಕನ್ನಡಕದ ಅಂಗಡಿ. ಅತ್ತಿಗೆಗೆ ಕೇಸು ಸಿಕ್ಕಿತೆಂದರೆ ಅಂಗಡಿಗೆ ಬಾಗಿಲು ಹಾಕಿ ಕಾರು ತೆಗೆದುಬಿಡುತ್ತಿದ್ದ.

"ಅತ್ತಿಗೆ, ಇಲ್ಲಿ ಓದ್ತಿರೋರಲ್ಲಿ ಅರ್ಧ ಜನಕ್ಕೆ ಕನ್ನಡಕ ಬೇಕು," ಎಂದು ಪಿಸುಗುಟ್ಟಿದ. "ಪುಸ್ತಕ ಮೂಗಿಗೆ ಅಂಟಿಸ್ಕೊಂಡಿದ್ದಾರೆ. ಒಂದು ಬೋರ್ಡ್ ತಂದು ಹಾಕ್ಲಾ?"

"ಬಾಯಿ ಮುಚ್ಚಿಕೊಂಡು ಕಣ್ಣು ಬಿಟ್ಕೊಂಡು ಬಾ."

ಮ್ಯಾನೇಜರು ಬೀಗದ ಕೈಗಳ ಗೊಂಚಲು ಹಿಡಿದು ಮುಂದೆ ನಡೆದರು. ಅವರು ಕಾಲೇಜಿನ ರೂಲ್ಸುಗಳನ್ನು ಸ್ತೋತ್ರದಂತೆ ಬಾಯಿಪಾಠ ಮಾಡಿಕೊಂಡಿದ್ದ ಮನುಷ್ಯ. ನಗುವುದಕ್ಕೂ ಒಂದು ರೂಲ್ಸ್ ಇದ್ದಿದ್ದರೆ ಆಗ ಮಾತ್ರ ನಗುತ್ತಿದ್ದರೇನೋ.

ಒಂದೊಂದೇ ಬೀರು ತೆರೆಯಿತು. ಪ್ರಿನ್ಸಿಪಾಲರು ತಲೆಯಾಡಿಸಿದರು, ಮ್ಯಾನೇಜರು ಗುರುತು ಹಾಕಿದರು. ಇನ್ಸ್‌ಪೆಕ್ಟರಮ್ಮ ಮಾತ್ರ ಲೈಬ್ರೇರಿಯನ್ನರ ಮುಖವನ್ನೇ ನೋಡುತ್ತಿದ್ದರು. ಆ ಹೆಂಗಸು ತನ್ನ ಪುಸ್ತಕಗಳನ್ನು ನೋಡುತ್ತಲೇ ಇರಲಿಲ್ಲ. ಬಾಗಿಲು ತೆರೆದ ಕೂಡಲೇ ಅವರ ಕಣ್ಣು ಬೀರುವಿನ ತಳಕ್ಕೆ, ಹಿಂಬದಿಗೆ, ಮೇಲಿನ ಅಟ್ಟಕ್ಕೆ ಹೋಗಿ ಬರುತ್ತಿತ್ತು. ಏನೋ ಅಗಲವಾದದ್ದನ್ನು ಹುಡುಕುವವರ ಕಣ್ಣು.

"ಏನಮ್ಮಾ, ಹೊರಟೇಬಿಟ್ಯಾ?"

ಬಾಗಿಲಲ್ಲಿ ಲೆಕ್ಕದ ಮೇಷ್ಟ್ರು ನಿಂತಿದ್ದರು. ಕಾಲೇಜಿನಲ್ಲಿ ಅವರನ್ನು ಲೆಕ್ಕದ ಮೇಷ್ಟ್ರು ಎಂದು ಕರೆಯುವವರೇ ಇರಲಿಲ್ಲ. ಜವಾನನಿಂದ ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಅವರು ದೊಡ್ಡಣ್ಣ. ಯಾರ ಮನೆಯಲ್ಲಿ ಕಾಯಿಲೆಯಾದರೂ ಆಸ್ಪತ್ರೆಗೆ ಮೊದಲು ಓಡಿ ಬರುವವರು. ಯಾರ ಮಗಳಿಗೆ ಸೀಟು ಬೇಕಾದರೂ ಅರ್ಜಿ ತುಂಬಿ ಕೊಡುವವರು.

"ಹೊರಟೆ ದೊಡ್ಡಣ್ಣ," ಎಂದರು ಲೈಬ್ರೇರಿಯನ್.

ದೊಡ್ಡಣ್ಣ ಅವರ ತಲೆಯ ಮೇಲೆ ಕೈಯಿಟ್ಟರು. "ತಲೆ ಎತ್ಕೊಂಡು ಹೋಗು. ನಾವೆಲ್ಲ ಇದ್ದೀವಿ." ಪ್ರಿನ್ಸಿಪಾಲರ ಕಡೆ ತಿರುಗಿ, "ನೀವು ಕೊನೇವರೆಗೂ ಇದ್ದು ಮುಗಿಸಿಕೊಡಿ ಸಾರ್. ಅರ್ಧಕ್ಕೆ ಬಿಟ್ಟು ಹೋದ್ರೆ ಆಕೆಗೆ ಅವಮಾನ ಆಗುತ್ತೆ. ನಾನೂ ಇರ್ತಿದ್ದೆ, ಕ್ಲಾಸ್ ಇದೆ ನೋಡಿ," ಎಂದು ಹೊರಟುಹೋದರು.

ಕೊನೆಗೆ ಉಳಿದದ್ದು ಹಳೆಯ ಪತ್ರಿಕೆಗಳ ಕೋಣೆ. ಅದರ ಬೀಗದ ಕೈ ಲೈಬ್ರೇರಿಯನ್ನರ ಬಳಿ ಇರಲಿಲ್ಲ. ಕಳೆದುಹೋಗಿ ಬಹಳ ಕಾಲವಾಗಿತ್ತಂತೆ.

"ಅಲ್ಲಿ ಹಳೇ ರದ್ದಿ ಬಿಟ್ರೆ ಏನಿಲ್ಲ," ಎಂದರು ಪ್ರಿನ್ಸಿಪಾಲರು.

"ಚಾರ್ಜಿನಲ್ಲಿ ಅದೂ ಸೇರಿದೆ," ಎಂದರು ಲೈಬ್ರೇರಿಯನ್.

"ಸೇರಿದೆ," ಎಂದು ಮ್ಯಾನೇಜರೂ ದನಿಗೂಡಿಸಿ, ಆಫೀಸಿನಿಂದ ಇನ್ನೊಂದು ಕೈ ತರಿಸಿದರು.

ಬೀಗ ಕಿರುಗುಟ್ಟಲಿಲ್ಲ. ಅದೇ ಇನ್ಸ್‌ಪೆಕ್ಟರಮ್ಮನಿಗೆ ಸರಿ ಕಾಣಲಿಲ್ಲ. ಬಹುಕಾಲದಿಂದ ಮುಚ್ಚಿದ್ದ ಕೋಣೆಯ ಬೀಗ ಹೀಗೆ ಬೆಣ್ಣೆಯಂತೆ ತಿರುಗಬಾರದು. ಯಾರೋ ಎಣ್ಣೆ ಬಿಟ್ಟಿದ್ದರು.

ಒಳಗೆ ಪತ್ರಿಕೆಗಳ ಕಟ್ಟುಗಳ ಮೇಲೆ ದೂಳು ಕಂಬಳಿಯಂತೆ ಹಾಸಿತ್ತು. ಬಾಗಿಲ ಹಿಂದಿನ ಮೂಲೆಯಲ್ಲಿ ಮಾತ್ರ ನೆಲ ಚೌಕವಾಗಿ ಚೊಕ್ಕಟವಾಗಿತ್ತು. ಒಂದು ಪೆಟ್ಟಿಗೆ ಇಟ್ಟು ತೆಗೆದಂತೆ. ಬಾಗಿಲ ಚೌಕಟ್ಟಿಗೆ ಏನೋ ಉಜ್ಜಿಕೊಂಡು ಹೋಗಿ ಕೆಂಪು ಗೀರು ಮೂಡಿತ್ತು.

ಲೈಬ್ರೇರಿಯನ್ ಆ ಖಾಲಿ ಮೂಲೆಯನ್ನು ನೋಡಿದರು. ಅವರ ಭುಜ ಒಮ್ಮೆ ಕುಸಿಯಿತು. ಮತ್ತೆ ಅವರೇ ಅದನ್ನು ಎತ್ತಿ ಹಿಡಿದರು.

ಮೈದುನ ಕೆಂಪು ಗೀರನ್ನು ಬೆರಳಿಗೆ ಹಚ್ಚಿಕೊಂಡು ಉಜ್ಜಿ ನೋಡಿದ. ಅವನ ಮುಖದ ತಮಾಷೆ ಹೋಗಿಬಿಟ್ಟಿತು.

"ಇದು ಬಣ್ಣ ಅಲ್ಲ ಅತ್ತಿಗೆ," ಎಂದು ಕಿವಿಯ ಬಳಿ ಹೇಳಿದ. "ಗಾಜಿಗೆ ಮಿರುಗು ಕೊಡೋ ಪುಡಿ. ನಮ್ಮಪ್ಪ ಅಂಗಡೀಲಿ ಕೈಯಿಂದ ಗಾಜು ತೀಡ್ತಿದ್ದ ಕಾಲದಲ್ಲಿ ಇದನ್ನೇ ಬಳಸ್ತಿದ್ದ. ಮರಕ್ಕೆ ಹಿಡೀತು ಅಂದ್ರೆ ಜನ್ಮದಲ್ಲಿ ಹೋಗಲ್ಲ."

*

ಲೈಬ್ರರಿಯ ಹಿಂದೆ ಸೈಕಲ್ ನಿಲ್ಲಿಸುವ ಜಾಗಕ್ಕೆ ಇಳಿಯುವ ಮೆಟ್ಟಿಲುಗಳಿದ್ದವು. ಸಹಿ ಹಾಕಿ ಮುಗಿಸಿದ ಲೈಬ್ರೇರಿಯನ್ ಅಲ್ಲಿ ಒಬ್ಬರೇ ಕೂತು ನೀರು ಕುಡಿಯುತ್ತಿದ್ದರು. ಇನ್ಸ್‌ಪೆಕ್ಟರಮ್ಮ ಪಕ್ಕದಲ್ಲೇ ಕೂತರು.

"ನಿಮ್ಮನ್ನ ಯಾರೂ ಓಡಿಸ್ತಿಲ್ಲ," ಎಂದರು ಪೀಠಿಕೆಯಿಲ್ಲದೆ. "ಯಾರೂ ಎತ್ತಿಕಟ್ಟಿಯೂ ಇಲ್ಲ. ನೀವು ಕೋಣೆ ತೆಗೆಸ್ತಿದ್ದೀರಿ."

ಲೈಬ್ರೇರಿಯನ್ ಬಾಟಲಿಯ ಮುಚ್ಚಳ ತಿರುಗಿಸಿದರು.

"ಕಾಲೇಜು ಕಂಪ್ಲೇಂಟ್ ಕೊಟ್ಟಿಲ್ಲ, ಹಾಗಾಗಿ ಪೊಲೀಸರು ಹುಡುಕೋ ಹಾಗಿಲ್ಲ. ಸುಮ್ಮನೆ ಬೀರು ತೆಗೀರಿ ಅಂದ್ರೆ ಯಾರೂ ತೆಗೆಯಲ್ಲ. ಆದ್ರೆ ಒಬ್ರು ಕೆಲಸ ಬಿಟ್ರೆ ಅವರ ಕೈಕೆಳಗಿನ ಪ್ರತಿಯೊಂದು ಕೋಣೆ ತೆಗೀಲೇಬೇಕು. ಕೆಮಿಸ್ಟ್ರಿ ಮೇಷ್ಟ್ರು ಹೋದ್ರು, ಅವರ ಲ್ಯಾಬಿನ ಹಿಂದಿನ ಉಗ್ರಾಣಗಳು ತೆರೆದ್ವು. ಬಾಟನಿ ಮೇಡಂ ಹೋದ್ರು, ಗಾಜಿನ ಮನೆ, ಮ್ಯೂಸಿಯಂ ತೆರೆದ್ವು. ಇವತ್ತು ಲೈಬ್ರರಿ."

"ಬಹಳ ಬೇಗ ಕಂಡುಹಿಡಿದ್ರಿ," ಎಂದರು ಲೈಬ್ರೇರಿಯನ್. ದನಿಯಲ್ಲಿ ಸಿಕ್ಕಿಬಿದ್ದ ಅಳುಕು ಇರಲಿಲ್ಲ. ಮೆಚ್ಚುಗೆಯಿತ್ತು.

"ಒಂದು ಕನ್ನಡಿಗೋಸ್ಕರ ಕೆಲಸಾನೇ ಬಿಡ್ತಾರಾ?"

"ಕನ್ನಡಿಗೋಸ್ಕರ ಅಲ್ಲಮ್ಮ." ಅವರು ಕೈ ಚಾಚಿ ಕಾಲೇಜಿನ ಮಾಳಿಗೆಯ ಮೇಲಿನ ಸಣ್ಣ ಗುಮ್ಮಟವನ್ನು ತೋರಿಸಿದರು. "ಅಲ್ಲಿನ ಟೆಲಿಸ್ಕೋಪಿಗೆ ಕನ್ನಡಿ ಕೊಂಡು ತರೋ ಶಕ್ತಿ ಈ ಕಾಲೇಜಿಗೆ ಇರ್ಲಿಲ್ಲ. ಮಾಡಿಬಿಡೋಣ ಅಂದ್ರು ಕನ್ನಡಿ ಮೇಷ್ಟ್ರು. ಎಲ್ಲರೂ ನಕ್ಕೆವು. ಒಂದು ಪೀಪಾಯಿ ಮೇಲೆ ಗಾಜು ಇಟ್ಟು, ಅದರ ಸುತ್ತ ನಡೀತಾ ನಡೀತಾ ಉಜ್ಜೋಕೆ ಶುರು ಮಾಡಿದ್ರು. ನಕ್ಕವರೆಲ್ಲ ಒಬ್ಬೊಬ್ಬರಾಗಿ ಹೋಗಿ ಸೇರ್ಕೊಂಡ್ವಿ. ಕ್ಲಾಸ್ ಮುಗಿದ ಮೇಲೆ ನಾನು, ಕೆಮಿಸ್ಟ್ರಿಯವರು, ಮಕ್ಕಳು. ಎಷ್ಟೋ ವರ್ಷದ ಹುಡುಗ್ರು ಉಜ್ಜಿದ್ದಾರೆ ಅದನ್ನ. ಒಂದು ದಿನ ಮೇಲೆ ಹೋಗಿ ಕಣ್ಣಿಟ್ಟು ನೋಡಿದೆ. ಶನಿಗ್ರಹ, ಬಳೆ ತೊಟ್ಕೊಂಡು ನಿಂತಿತ್ತು. ನಮ್ಮ ಕೈಯಿಂದ ಆಗಿದ್ದು ಇದು ಅಂತ ಅನ್ನಿಸಿದಾಗ ಹೇಗಾಗುತ್ತೆ ಗೊತ್ತಾ? ನನ್ನ ಮಗ ಹುಟ್ಟಿದಾಗಲೂ ನಾನು ಅಷ್ಟು ಬೀಗಿರ್ಲಿಲ್ಲ."

ಇನ್ಸ್‌ಪೆಕ್ಟರಮ್ಮ ನಕ್ಕರು. "ಮಗನಿಗೆ ಹೇಳ್ಬೇಡಿ."

"ಹೇಳಿದ್ದೀನಿ. ಅವನೂ ಉಜ್ಜಿದ್ದಾನೆ." ಅವರ ಮುಖ ಮತ್ತೆ ಬಿಗಿಯಿತು. "ಅಂಥಾ ಮನುಷ್ಯನ್ನ ಕೂರಿಸಿ, ಸ್ವಇಚ್ಛೆಯಿಂದ ಬಿಡ್ತಿದ್ದೀನಿ ಅಂತ ಬರೆಸಿದ್ರು. ಅವರು ಬರೆದಾಗ ಆ ಮಾತು ಸುಳ್ಳು. ನಾವು ಬರೆದಾಗ ನಿಜ. ಅಷ್ಟೇ ವ್ಯತ್ಯಾಸ."

ಇನ್ಸ್‌ಪೆಕ್ಟರಮ್ಮ ಬಾಟಲಿ ಇಸಿದುಕೊಂಡು ಒಂದು ಗುಟುಕು ನೀರು ಕುಡಿದರು.

"ನಾನೂ ಒಂದ್ಸಲ ಹೀಗೇ ಕಾಗದ ಕೊಟ್ಟು ಬಂದವಳು," ಎಂದರು ಇನ್ಸ್‌ಪೆಕ್ಟರಮ್ಮ. "ನೋಡದೇ ಇರೋದನ್ನ ನೋಡಿದೆ ಅಂತ ಸಹಿ ಹಾಕಿ ಅಂದ್ರು. ಹಾಕ್ಲಿಲ್ಲ. ಮನೆಗೆ ಬಂದು ಹೊಟ್ಟೆ ತುಂಬಾ ಊಟ ಮಾಡಿ ಮಲಗಿದೆ. ಅಂಥಾ ನಿದ್ದೆ ಮತ್ತೆ ಬಂದಿಲ್ಲ." ಅವರು ಮೆಟ್ಟಿಲಿನಿಂದ ಎದ್ದರು. "ನಿಮ್ಮ ಉಪಾಯದಲ್ಲಿ ಒಂದು ತೂತಿದೆ ಮೇಡಂ. ನೀವು ಮೊದಲೇ ನೋಟಿಸ್ ಕೊಡ್ತೀರಿ. ಯಾವ ದಿನ ಯಾವ ಕೋಣೆ ತೆರೆಯುತ್ತೆ ಅಂತ ಬಚ್ಚಿಟ್ಟವನಿಗೆ ಡಂಗುರ ಹೊಡೆದು ಹೇಳಿದ ಹಾಗೆ. ಅವನು ಪೆಟ್ಟಿಗೆ ಎತ್ಕೊಂಡು ಮುಂದಿನ ಕೋಣೆಗೆ ಹೋಗ್ತಾನೆ. ನಿಮ್ಮ ಪತ್ರಿಕೆ ಕೋಣೇಲಿ ಅದು ಮೊನ್ನೆ ಮೊನ್ನೆವರೆಗೂ ಇತ್ತು."

ಲೈಬ್ರೇರಿಯನ್ ಬೆಚ್ಚಿದರು. "ಇತ್ತಾ? ನನ್ನ ಕೋಣೇಲಿ?"

"ಇತ್ತು. ನಿಮ್ಮಲ್ಲಿ ಇನ್ನು ಯಾರ ಸರದಿ ಬಾಕಿ ಇದೆ?"

"ಅದನ್ನ ಕೇಳ್ಬೇಡಿ. ನನ್ನ ವಿಷಯ ನಾನು ಹೇಳ್ದೆ. ಇನ್ನೊಬ್ಬರ ಹೆಸರು ನನ್ನ ಬಾಯಿಂದ ಬರಲ್ಲ, ಮಾತು ಕೊಟ್ಟಿದ್ದೀವಿ." ಅವರೂ ಎದ್ದು ನಿಂತರು. "ಆದ್ರೆ ಒಂದು ಹೇಳ್ತೀನಿ. ನೋಟಿಸ್ ಕಾಗದಗಳು ಮೊದಲು ಯಾರ ಕೈಗೆ ಹೋಗುತ್ತೆ? ಯಾವ ಕೋಣೆಗೆ ಬೇಕಾದ್ರೂ ಹೋಗೋ ಅಧಿಕಾರ ಯಾರಿಗಿದೆ? ಬೆಳಿಗ್ಗೆ ಚಾರ್ಜೇ ಬೇಡ ಅಂದಿದ್ದು ಯಾರು? ಈ ಕಾಲೇಜಲ್ಲಿ ಯಾರೂ ತೆಗೆಸೋಕೆ ಆಗದೇ ಇರೋ ಕೋಣೆ ಒಂದಿದೆ."

"ನಡೀರಿ," ಎಂದರು ಇನ್ಸ್‌ಪೆಕ್ಟರಮ್ಮ. "ಅವರನ್ನೇ ಕೇಳೋಣ."

*

ಪ್ರಿನ್ಸಿಪಾಲರು ಆಗಷ್ಟೇ ತಮ್ಮ ಕುರ್ಚಿಯಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು. ಮ್ಯಾನೇಜರು ಪಕ್ಕದಲ್ಲಿ ಸಹಿಗಾಗಿ ಕಾಯುತ್ತಿದ್ದರು.

"ಸಾರ್, ನೀವು ಕೇಳಿದ್ದಕ್ಕೆ ಉತ್ತರ ಸಿಕ್ತು," ಎಂದು ಇನ್ಸ್‌ಪೆಕ್ಟರಮ್ಮ ನಡೆದದ್ದೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು. ರಾಜೀನಾಮೆಗಳ ಗುಟ್ಟು, ಪತ್ರಿಕೆ ಕೋಣೆಯ ಮೂಲೆ, ಕೆಂಪು ಪುಡಿ. ಕೊನೆಗೆ ಕೇಳಿದರು: "ಬೆಳಿಗ್ಗೆ ಚಾರ್ಜ್ ಒಪ್ಪಿಸೋದು ಬೇಡ ಅಂದ್ರಲ್ಲ. ಯಾಕೆ?"

"ನಂಬಿಕೆ ಇತ್ತು, ಅದಕ್ಕೆ."

"ನಂಬಿಕೆ ಇದ್ದವರು ನನ್ನನ್ನ ಕರೆಸ್ತಿರ್ಲಿಲ್ಲ."

ಪ್ರಿನ್ಸಿಪಾಲರ ಕೈ ನಿಂತಿತು. ಕನ್ನಡಕವಿಲ್ಲದ ಅವರ ಕಣ್ಣುಗಳು ಹಠಾತ್ತನೆ ವಯಸ್ಸಾದಂತೆ ಕಂಡವು.

"ಹೆದರಿಕೆ ಇತ್ತು," ಎಂದರು ತಗ್ಗಿದ ದನಿಯಲ್ಲಿ. "ಯಾವ ಬೀರುವಿನಲ್ಲಿ ಸಿಕ್ಕಿದ್ರೂ ಅದು ನಮ್ಮವರದ್ದೇ ತಾನೇ? ಇನ್ನೊಬ್ಬರು ತಲೆ ತಗ್ಗಿಸಿಕೊಂಡು ಈ ಬಾಗಿಲು ದಾಟೋದನ್ನ ನೋಡೋ ಶಕ್ತಿ ನನಗಿರ್ಲಿಲ್ಲ."

"ಕನ್ನಡಿ ಮೇಷ್ಟ್ರನ್ನ ಕಳಿಸೋವಾಗ ಶಕ್ತಿ ಇತ್ತಲ್ಲ ಸಾರ್," ಎಂದರು ಲೈಬ್ರೇರಿಯನ್.

"ಆಡಳಿತ ಮಂಡಳಿಯವರು ಪೊಲೀಸಿಗೆ ಕೊಡಿ ಅಂದ್ರು. ಕೈಗೆ ಬೇಡಿ ಹಾಕಿ ಕರ್ಕೊಂಡು ಹೋಗೋದಕ್ಕಿಂತ ಮರ್ಯಾದೆಯಾಗಿ ಬಿಟ್ಟು ಹೋಗ್ಲಿ ಅಂತ ಬರೆಸಿದೆ. ನನಗೆ ಬುದ್ಧಿ ಓಡದೇ ಇದ್ದಾಗ ದೊಡ್ಡಣ್ಣನೂ ಅದೇ ಸರಿ ಅಂದ್ರು. ಅವರನ್ನ ಉಳಿಸ್ತಿದ್ದೀನಿ ಅಂದ್ಕೊಂಡಿದ್ದೆ."

"ಎಲ್ಲರ ಕೋಣೆ ತೆರೀತು ಸಾರ್. ನಿಮ್ಮದೊಂದು ಬಿಟ್ಟು," ಎಂದರು ಲೈಬ್ರೇರಿಯನ್.

ಮಾತು ಚಾಟಿಯಂತೆ ಬಿತ್ತು. ಮ್ಯಾನೇಜರು ನೆಲ ನೋಡಿದರು. ಪ್ರಿನ್ಸಿಪಾಲರು ಕನ್ನಡಕ ಹಾಕಿಕೊಂಡರು. ಒಂದು ಬಿಳಿ ಹಾಳೆ ಎಳೆದುಕೊಂಡು ಬರೆಯತೊಡಗಿದರು. ಬರೆದು, ಸಹಿ ಹಾಕಿ, ಗಟ್ಟಿಯಾಗಿ ಓದಿದರು.

"ನಾನು ಈ ಕಾಲೇಜಿನ ಪ್ರಿನ್ಸಿಪಾಲ್ ಹುದ್ದೆಗೆ ಈ ಕ್ಷಣದಿಂದ ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ." ಹಾಳೆಯನ್ನು ಮ್ಯಾನೇಜರ ಕೈಗಿತ್ತರು. "ನನಗೆ ನೋಟಿಸ್ ಬೇಕಾ?"

"ಇಲ್ಲ ಸಾರ್," ಎಂದರು ಮ್ಯಾನೇಜರು. ಜೀವನದಲ್ಲಿ ಮೊದಲ ಸಲ ರೂಲ್ಸ್ ಹೇಳಲು ಅವರಿಗೆ ಕಷ್ಟವಾಯಿತು. "ಪ್ರಿನ್ಸಿಪಾಲರು ಬರೆದ ಗಳಿಗೆಯಿಂದಲೇ ಬಿಡಬಹುದು. ಉಳಿದವರಲ್ಲಿ ಸರ್ವಿಸಿನಲ್ಲಿ ಹಿರಿಯರಿಗೆ ಚಾರ್ಜ್ ಹೋಗುತ್ತೆ."

"ಹಾಗಾದ್ರೆ ಈ ಕೋಣೆ ತೆಗೀರಿ. ಒಂದು ಡ್ರಾಯರ್ ಕೂಡ ಬಿಡ್ಬೇಡಿ." ಅವರು ಕುರ್ಚಿ ಬಿಟ್ಟು ಎದ್ದು, ಗೋಡೆಗೆ ಬೆನ್ನು ಕೊಟ್ಟು, ಸೆಟೆದು ನಿಂತರು. "ನನ್ನ ಕಾಲೇಜಿನವರು ನನ್ನ ಮೇಲೆ ಅನುಮಾನ ಇಟ್ಕೊಂಡು ಹೋಗೋದು ಬೇಡ."

ಲೈಬ್ರೇರಿಯನ್ನರ ಕಣ್ಣಲ್ಲಿ ನೀರು ತುಳುಕಿತು. ಅವರು ಏನೋ ಹೇಳಲು ಹೋದರು. ಅಷ್ಟರಲ್ಲಿ ಮೈದುನ ಮೂಲೆಯ ಮರದ ಬೀರುವನ್ನು ತೆಗೆದಿದ್ದ.

"ಅತ್ತಿಗೆ."

ಬೀರುವಿನ ಕೆಳಗಿನ ಅರೆಯಲ್ಲಿ, ಟ್ರೋಫಿಗಳ ಹಿಂದೆ, ಒಂದು ಅಗಲವಾದ ಮರದ ಪೆಟ್ಟಿಗೆಯಿತ್ತು. ಅದರ ಅಂಚುಗಳು ಕೆಂಪಗಿದ್ದವು.

ಪ್ರಿನ್ಸಿಪಾಲರು ಆ ಪೆಟ್ಟಿಗೆಯನ್ನು ಎಂದೂ ನೋಡದವರಂತೆ ನೋಡಿದರು. ಅವರ ಮುಖದಲ್ಲಿ ರಕ್ತವಿರಲಿಲ್ಲ.

"ಇದು," ಎಂದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"ಕನ್ನಡಿ ಮೇಷ್ಟ್ರನ್ನ ಕರ್ಕೊಂಡು ಬಾ," ಎಂದರು ಇನ್ಸ್‌ಪೆಕ್ಟರಮ್ಮ ಮೈದುನನಿಗೆ. "ಅವರು ಬರೋವರೆಗೆ ಯಾರೂ ಮುಟ್ಟೋದು ಬೇಡ."

*

ಕನ್ನಡಿ ಮೇಷ್ಟ್ರ ಮನೆ ಎರಡು ಬೀದಿಯಾಚೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತೋಳಿನ ಗುಂಡಿ ಹಾಕಿಕೊಳ್ಳುತ್ತಲೇ ಅವರು ಗೇಟು ದಾಟಿ ಬಂದರು. ಅವಮಾನವಾದ ದಿನದಿಂದ ಆ ಕಡೆ ತಲೆ ಹಾಕಿರದ ಮನುಷ್ಯ. ಓದುವ ಹಾಲಿನ ಕಿಟಕಿಯ ಪಕ್ಕ ಅವರು ಹಾದುಹೋಗುವಾಗ ಕಟ್ಟೆಯ ಮೇಲೆ ಕೂತಿದ್ದ ಹುಡುಗಿಯೊಬ್ಬಳು ಪುಸ್ತಕ ಮುಚ್ಚಿ ಎದ್ದು ನಿಂತಳು. ಅವಳ ಪಕ್ಕದವನು ಎದ್ದ. ಆಮೇಲೆ ಇಡೀ ಹಾಲು ಎದ್ದಿತು. ಕುರ್ಚಿಗಳು ಸರಿದ ಸದ್ದು ಬಿಟ್ಟರೆ ಒಂದು ಮಾತಿಲ್ಲ. ಮೇಷ್ಟ್ರು ಅತ್ತ ನೋಡಿ, ಪಾಠಕ್ಕೆ ಬಂದವರಂತೆ ಕೈಸನ್ನೆ ಮಾಡಿ ಕೂರಿ ಎಂದರು. ಯಾರೂ ಕೂರಲಿಲ್ಲ.

ಪೆಟ್ಟಿಗೆಯ ಮುಂದೆ ಅವರು ಮಂಡಿಯೂರಿದರು. ಮುಚ್ಚಳ ತೆಗೆದು ಬಟ್ಟೆ ಸರಿಸಿದರು. ಕಿಟಕಿಯ ಬೆಳಕು ಗಾಜಿನ ಮೇಲೆ ಬಿದ್ದು ಸೂರಿಗೆ ಹಾರಿತು. ಅವರು ತಲೆಯನ್ನು ಅತ್ತ ಇತ್ತ ವಾಲಿಸಿ ಬಹಳ ಹೊತ್ತು ನೋಡಿದರು.

"ಏನೂ ಆಗಿಲ್ಲ," ಎಂದರು. "ಒಂದು ಗೀರೂ ಇಲ್ಲ. ನಮ್ಮದೇ."

ನನ್ನದು ಎನ್ನಲಿಲ್ಲ. ನಮ್ಮದು ಎಂದರು. ಲೈಬ್ರೇರಿಯನ್ ಮುಖಕ್ಕೆ ಸೆರಗು ಒತ್ತಿಕೊಂಡು ಬಿಕ್ಕಿದರು.

ಪ್ರಿನ್ಸಿಪಾಲರು ಗೋಡೆಯ ಬಳಿಯಿಂದ ಮುಂದೆ ಬಂದರು. "ಮೇಷ್ಟ್ರೇ, ಇದು ಇಲ್ಲಿಗೆ ಹೇಗೆ ಬಂತು ಅಂತ ನನಗೆ ಗೊತ್ತಿಲ್ಲ. ನೀವು ನಂಬಬೇಕಾಗಿಲ್ಲ. ನಿಮ್ಮ ಮಾತನ್ನ ನಾನೂ ಅವತ್ತು ನಂಬ್ಲಿಲ್ಲ."

ಕನ್ನಡಿ ಮೇಷ್ಟ್ರು ಗಾಜಿನ ಮೇಲೆ ಬಟ್ಟೆಯನ್ನು ಮತ್ತೆ ಹೊದಿಸಿದರು.

"ನಾನು ನಂಬ್ತೀನಿ," ಎಂದರು ಇನ್ಸ್‌ಪೆಕ್ಟರಮ್ಮ. "ಬಚ್ಚಿಟ್ಟವನು ಎದ್ದು ನಿಂತು ನನ್ನ ಬೀರು ತೆಗೀರಿ ಅನ್ನಲ್ಲ. ಇವತ್ತು ಬೆಳಿಗ್ಗೆ ನಾವೆಲ್ಲ ಲೈಬ್ರರೀಲಿದ್ವಿ. ಈ ಕೋಣೆ ಬಾಗಿಲು ಬರೀ ಮುಂದಕ್ಕೆ ಹಾಕಿತ್ತು, ಬೀಗ ಇರ್ಲಿಲ್ಲ. ಕೊನೇವರೆಗೂ ನೀವು ಇಲ್ಲಿಗೆ ಬರಲ್ಲ ಅಂತ ಖಾತ್ರಿ ಇದ್ದವರು ಯಾರೋ ಬಂದು ಇಟ್ಟು ಹೋಗಿದ್ದಾರೆ." ಅವರು ಲೈಬ್ರೇರಿಯನ್ನರ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡರು. "ಈಗ ಹೇಳಿ. ಯಾರ ಸರದಿ ಬಾಕಿ ಅಂತ ಕೇಳಲ್ಲ. ಒಬ್ಬೊಬ್ಬರಾಗಿ ಕೆಲಸ ಬಿಡೋಣ ಅನ್ನೋ ಉಪಾಯ ಮೊದಲು ಯಾರಿಗೆ ಹೊಳೀತು?"

ಲೈಬ್ರೇರಿಯನ್ ಬಾಯಿ ತೆರೆದರು. ತೆರೆದ ಬಾಯಿ ಹಾಗೆಯೇ ನಿಂತಿತು. ನೆನಪು ಒಂದು ಮುಖದ ಹತ್ತಿರ ಹೋಗಿ ತಡವರಿಸುತ್ತಿರುವುದು ಅವರ ಕಣ್ಣಲ್ಲೇ ಕಂಡಿತು.

"ಅವರ ಸರದಿ ಎಲ್ಲರಿಗಿಂತ ಕೊನೇದು," ಎಂದು ಪಿಸುಗುಟ್ಟಿದರು. "ನಾವೇ ಹಾಗೆ ಇಟ್ವಿ. ವಯಸ್ಸಲ್ಲಿ ಹಿರಿಯರು, ಅವರು ಕೊನೆಗೆ ಹೋಗ್ಲಿ ಅಂತ."

"ಏನಿದು, ಎಲ್ಲರೂ ಇಲ್ಲೇ ಸೇರಿದ್ದೀರಿ?"

ದೊಡ್ಡಣ್ಣ ಒಳಗೆ ಬಂದರು. ಪೆಟ್ಟಿಗೆ ನೋಡಿದರು, ಪ್ರಿನ್ಸಿಪಾಲರನ್ನು ನೋಡಿದರು, ಮ್ಯಾನೇಜರ ಕೈಲಿದ್ದ ಹಾಳೆಯನ್ನು ತೆಗೆದುಕೊಂಡು ಓದಿದರು. ಅವರ ಮುಖದಲ್ಲಿ ಮೂಡಿದ ದುಃಖವನ್ನು ಯಾರೂ ಸುಳ್ಳೆನ್ನುವಂತಿರಲಿಲ್ಲ.

"ನೀವಾ ಸಾರ್?" ಎಂದರು ಮೆಲ್ಲಗೆ. "ನೀವು ಹೀಗೆ ಮಾಡ್ತೀರಿ ಅಂತ ನಾನು ಕನಸಲ್ಲೂ ಎಣಿಸಿರ್ಲಿಲ್ಲ." ಹಾಳೆಯನ್ನು ನೀಟಾಗಿ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು. "ಮ್ಯಾನೇಜರೇ, ಕೆಮಿಸ್ಟ್ರಿಯವರಿಲ್ಲ, ಬಾಟನಿಯವರಿಲ್ಲ, ಕನ್ನಡಿ ಮೇಷ್ಟ್ರೂ ಈಗ ನಮ್ಮ ಕಾಲೇಜಿನವರಲ್ಲ. ಇನ್ನು ಹಿರಿಯರು ಅಂದ್ರೆ ಯಾರು?"

ಮ್ಯಾನೇಜರು ಗಂಟಲು ಸರಿಪಡಿಸಿಕೊಂಡರು. "ನೀವೇ ದೊಡ್ಡಣ್ಣ. ಈ ಕ್ಷಣದಿಂದ ಪ್ರಿನ್ಸಿಪಾಲರ ಚಾರ್ಜ್ ನಿಮ್ಮದು."

ಕನ್ನಡಿ ಮೇಷ್ಟ್ರು ಪೆಟ್ಟಿಗೆಯ ಮೇಲೆ ಕೈಯಿಟ್ಟರು.

"ಬೆಳಿಗ್ಗೆ ಕ್ಲಾಸ್ ಇದೆ ಅಂದ್ರಲ್ಲ," ಎಂದರು ಇನ್ಸ್‌ಪೆಕ್ಟರಮ್ಮ. "ಓದೋ ರಜೇಲಿ ಯಾವ ಕ್ಲಾಸ್?"

ದೊಡ್ಡಣ್ಣ ಅವರತ್ತ ತಿರುಗಿ ನಕ್ಕರು. ಎಂದಿನ ಅದೇ ಅಕ್ಕರೆಯ ನಗು.

"ಪತ್ತೇದಾರಿಕೆ ಸಾಕಮ್ಮ. ನಿಮ್ಮನ್ನ ಕರೆಸಿದ್ದು ಹಿಂದಿನ ಪ್ರಿನ್ಸಿಪಾಲರು. ಅವರ ಕೆಲಸ ಮುಗೀತು, ನಿಮ್ಮದೂ ಮುಗೀತು. ಪೆಟ್ಟಿಗೆ ಕಾಲೇಜಿನ ಸ್ವತ್ತು, ಅದು ಇನ್ಮೇಲೆ ನನ್ನ ವಶದಲ್ಲಿರುತ್ತೆ." ಅವರು ಬಾಗಿಲನ್ನು ಪೂರ್ತಿ ತೆರೆದು ಹಿಡಿದರು. "ಸ್ವಇಚ್ಛೆಯಿಂದ ಹೋಗ್ತೀರೋ, ವಾಚ್‌ಮನ್ನನ್ನ ಕರೀಲೋ?"

ಇನ್ಸ್‌ಪೆಕ್ಟರಮ್ಮ ತೆರೆದ ಬಾಗಿಲನ್ನು ನೋಡಿದರು. ಮಂಡಿಯೂರಿ ಕೂತಿದ್ದ ಕನ್ನಡಿ ಮೇಷ್ಟ್ರನ್ನು ನೋಡಿದರು. ಗೋಡೆಗೊರಗಿದ ಪ್ರಿನ್ಸಿಪಾಲರನ್ನು, ಸೆರಗು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಲೈಬ್ರೇರಿಯನ್ನರನ್ನು ನೋಡಿದರು. ಇವರೆಲ್ಲ ಮಾನಕ್ಕಾಗಿ ಕೆಲಸ ಬಿಟ್ಟವರು. ಅವರ ಆ ಮಾನವನ್ನೇ ಒಬ್ಬ ಏಣಿ ಮಾಡಿಕೊಂಡು ಪ್ರಿನ್ಸಿಪಾಲರ ಪಟ್ಟಕ್ಕೆ ಹತ್ತಿದ್ದ.

ಅವರು ಪ್ರಿನ್ಸಿಪಾಲರ ಖಾಲಿ ಕುರ್ಚಿಯನ್ನು ಎಳೆದುಕೊಂಡು, ಪೆಟ್ಟಿಗೆಗೆ ಅಡ್ಡಲಾಗಿ ಹಾಕಿ, ಕೂತರು.

"ಕರೀರಿ," ಎಂದರು.